ನಾವು ಮಲಗುವುದು ಗಾಳಿಯ ಮೇಲೆ

ಅಂಗಡಿಯ ಹುಡುಗ ಕೌಂಟರಿನ ಕೆಳಗಿನಿಂದ ಒಂದೊಂದಾಗಿ ತೆಗೆದು ಜೋಡಿಸಿದ ತುಂಡುಗಳು ಅಂಗೈಯಗಲಕ್ಕಿಂತ ದೊಡ್ಡವಿರಲಿಲ್ಲ. ಬರ್ಫಿಯ ಹಾಗೆ ಚೌಕವಾಗಿ ಕತ್ತರಿಸಿದ ಹಾಸಿಗೆಗಳು! ಒಂದು ಹಳದಿ, ಒಂದು ಕೆನೆಬಣ್ಣ, ಒಂದು ಬೂದು, ಒಂದು ಕಂದು. ಅಮ್ಮ ಕಂದುಬಣ್ಣದ್ದನ್ನೇ ಎತ್ತಿಕೊಂಡಳು. ಉಗುರಿನಿಂದ ಒಂದು ಎಳೆ ಕಿತ್ತು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಅಂಗಡಿಯವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ, “ಅಯ್ಯೋ, ಇದು ನಮ್ ತೆಂಗಿನ್ ನಾರು ಕಣೋ!” ಅಂದಳು.

ತಿಪಟೂರು ಸೀಮೆಯ ತೋಟದಲ್ಲಿ ಹುಟ್ಟಿ ಬೆಳೆದವಳು ಅಮ್ಮ. ಕಾಯಿ ಸುಲಿದ ಮೇಲೆ ಉಳಿಯುವ ಮಟ್ಟೆಯನ್ನು ಒಲೆಗೆ ಒಟ್ಟಿದವಳು, ನಾರಿನಿಂದ ಪಾತ್ರೆ ಉಜ್ಜಿದವಳು. ಅದೇ ನಾರು ಬೆಂಗಳೂರಿನ ಹವಾನಿಯಂತ್ರಿತ ಅಂಗಡಿಯಲ್ಲಿ ಹೂವಿನ ಬಟ್ಟೆ ಹೊದ್ದು ಮಲಗಿತ್ತು! ಅವಳ ಸೊಂಟನೋವಿಗೆ ಒಂದು ಹೊಸ ಹಾಸಿಗೆ ಕೊಂಡರಾಯಿತು ಎಂದು ಹೋದವನು ನಾನು. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಆದರೆ ಆ ಒಂದು ಎಳೆ ನನ್ನನ್ನು ಹಿಡಿದು ಎಳೆಯಿತು. ಮುಂದಿನ ಮೂರು ವಾರ ನಾನು ಹಾಸಿಗೆಯ ಬಗ್ಗೆ ಓದಿದ್ದೇ ಓದಿದ್ದು, ಹಾಸಿಗೆ ಒತ್ತಿದ್ದೇ ಒತ್ತಿದ್ದು. ಬದುಕಿನ ಮೂರನೇ ಒಂದು ಪಾಲನ್ನು ಹೊರುವ ವಸ್ತುವಿನ ಹೊಟ್ಟೆಯಲ್ಲಿ ಏನಿದೆ ಎಂದು ಇಷ್ಟು ವರ್ಷ ಒಮ್ಮೆಯೂ ಕೇಳಿಕೊಂಡಿರಲಿಲ್ಲವಲ್ಲ!

ಮೊದಲು ನಾರಿನ ಕತೆ ಹೇಳಿಬಿಡುತ್ತೇನೆ, ತಡೆದುಕೊಳ್ಳಲಾಗುತ್ತಿಲ್ಲ. ತೆಂಗಿನ ನಾರು ಹುಟ್ಟಿನಿಂದ ನೆಟ್ಟಗಿರುವಂಥದ್ದು. ನೆಟ್ಟಗಿನ ನಾರನ್ನು ಎಷ್ಟು ಒಟ್ಟಿದರೂ ಅದು ಬಣವೆಯಾಗುತ್ತದೆಯೇ ಹೊರತು ಪುಟಿಯುವ ಹಾಸಿಗೆಯಾಗುವುದಿಲ್ಲ. ಹಾಗಾಗಿ ಅದನ್ನು ಮೊದಲು ಬಿಗಿಯಾಗಿ ಹಗ್ಗದಂತೆ ಹೊಸೆಯುತ್ತಾರೆ. ಹೊಸೆದ ಹಗ್ಗವನ್ನು ಕೆಲ ದಿನ ಹಾಗೇ ಬಿಡುತ್ತಾರೆ. ಆಮೇಲೆ ಬಿಚ್ಚುತ್ತಾರೆ! ಜಡೆ ಬಿಚ್ಚಿದಾಗ ಕೂದಲು ಅಲೆಅಲೆಯಾಗಿ ನಿಲ್ಲುವುದಿಲ್ಲವೇ, ಹಾಗೆ ಪ್ರತಿ ಎಳೆಯೂ ಗುಂಗುರು ಗುಂಗುರಾಗಿ, ಪುಟ್ಟ ಸ್ಪ್ರಿಂಗಾಗಿ ಹೊರಬರುತ್ತದೆ. ಆ ಗುಂಗುರು ನಾರನ್ನು ಹರಡಿ, ರಬ್ಬರ್ ಹಾಲು ಸಿಂಪಡಿಸಿ, ಒತ್ತಿ, ಬಿಸಿಯಲ್ಲಿ ಬೇಯಿಸಿದರೆ ಎಳೆ ಎಳೆ ಸಂಧಿಸುವ ಕಡೆಯಲ್ಲೆಲ್ಲ ರಬ್ಬರಿನ ಒಂದೊಂದು ಚುಕ್ಕಿ ಅಂಟಿಕೊಂಡು ಗಟ್ಟಿಯಾಗುತ್ತದೆ. ಒಂದು ಹಾಸಿಗೆಯಲ್ಲಿ ಅಂಥ ಗಂಟುಗಳು ಎಷ್ಟಿರಬಹುದೆಂದು ಎಣಿಸಲು ಹೊರಟರೆ ನಿದ್ದೆ ಬಂದೇ ಬರುತ್ತದೆ. ಮಣಿಪಾಲದ ಪೈ ಮನೆತನ 1962ರಲ್ಲಿ ಆರಂಭಿಸಿದ ಕರ್ಲಾನ್ ಕಂಪನಿ ಈ ನಾರಿನ ಹಾಸಿಗೆಯನ್ನು ನಮ್ಮ ಮನೆಮನೆಗೆ ತಂದಿತು. ಎಷ್ಟೋ ಊರುಗಳಲ್ಲಿ ಇವತ್ತಿಗೂ ಕಾಯರ್ ಬೆಡ್ ಅನ್ನುವ ಬದಲು ಜನ ಕರ್ಲಾನ್ ಅಂತಲೇ ಕೇಳುತ್ತಾರೆ.

ಅಂಗಡಿಯಲ್ಲಿ ಆ ಕಂದು ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಆಚೆ ಬದಿ ಕಾಣುತ್ತಿತ್ತು! ನಾರಿಗಿಂತ ಖಾಲಿ ಜಾಗವೇ ಹೆಚ್ಚು. ಆಗ ಹೊಳೆಯಿತು. ಉಳಿದ ತುಂಡುಗಳನ್ನೂ ಒಂದೊಂದಾಗಿ ಎತ್ತಿದೆ. ಹುಡುಗ ಹಳದಿಯನ್ನು ತೋರಿಸಿ “ಇದು 32 ಡೆನ್ಸಿಟಿ ಸಾರ್, ಅದು 40” ಅಂದ. ಅವನು ಬೆಲೆ ವಿವರಿಸಲು ಹೇಳಿದ ಸಂಖ್ಯೆಗಳು ಅವು. ಮನೆಗೆ ಬಂದು ಲೆಕ್ಕ ಹಾಕಿದರೆ ತಲೆ ತಿರುಗಿತು. 32 ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮ್ 32 ಕಿಲೋ ತೂಗುತ್ತದೆ ಎಂದರ್ಥ. ಒಂದು ಘನ ಮೀಟರ್ ನೀರು ತೂಗುವುದು 1000 ಕಿಲೋ. ಫೋಮ್ ಆದ ಪ್ಲಾಸ್ಟಿಕ್ಕನ್ನು ಟೊಳ್ಳಿಲ್ಲದಂತೆ ಗಟ್ಟಿಯಾಗಿ ಎರಕ ಹೊಯ್ದರೆ ಅದು ನೀರಿಗಿಂತ ಸ್ವಲ್ಪ ಭಾರವೇ. ಅಂದಮೇಲೆ ಆ ಹಳದಿ ಚೌಕದಲ್ಲಿ ನೂರಕ್ಕೆ ತೊಂಬತ್ತೇಳು ಪಾಲು ಗಾಳಿ! ಗಾಳಿ ಕೊಂಡುಕೊಳ್ಳಲು ನಾವು ಇಷ್ಟು ಚೌಕಾಸಿ ಮಾಡುತ್ತೇವೆ! ನಮ್ಮನ್ನು ಹೊರುವುದು ಆ ಗಾಳಿಯಲ್ಲ ನಿಜ, ಗಾಳಿಗೆ ಜಾಗ ಬಿಟ್ಟು ನಿಂತ ಕೂದಲೆಳೆಯಷ್ಟು ತೆಳ್ಳನೆಯ ಗೋಡೆಗಳು. ಆದರೆ ಆ ಗೋಡೆಗಳು ಬಾಗಲು, ಮತ್ತೆ ಏಳಲು ಜಾಗ ಕೊಟ್ಟದ್ದು ಗಾಳಿ. ಹತ್ತಿ, ನಾರು, ಫೋಮ್, ಲೇಟೆಕ್ಸ್, ಸ್ಪ್ರಿಂಗ್ ಎಲ್ಲವೂ ಗಾಳಿಯನ್ನು ಹಿಡಿದಿಡುವ ಬೇರೆ ಬೇರೆ ಬೇಲಿಗಳು. ಅಂಗಡಿಯಲ್ಲಿ ನಾವು ಆರಿಸಿಕೊಳ್ಳುವುದು ಬೇಲಿಯನ್ನು.

ಈ ಬೇಲಿ ಮಾಡಬೇಕಾದ ಕೆಲಸ ಮಾತ್ರ ವಿಚಿತ್ರವಾದದ್ದು. ಅಂಗಾತ ಮಲಗಿ ಸೊಂಟದ ಕೆಳಗೆ ನಿಮ್ಮದೇ ಅಂಗೈ ತೂರಿಸಿ ನೋಡಿ. ನಮ್ಮ ಬೆನ್ನುಮೂಳೆ ನೆಟ್ಟನೆಯ ಕಂಬವಲ್ಲ. ಕತ್ತಿನಲ್ಲಿ ಒಳಕ್ಕೆ, ಬೆನ್ನಿನಲ್ಲಿ ಹೊರಕ್ಕೆ, ಸೊಂಟದಲ್ಲಿ ಮತ್ತೆ ಒಳಕ್ಕೆ ಬಾಗಿದ ಬಳ್ಳಿ. ಬರಿನೆಲದಲ್ಲಿ ಮಲಗಿದರೆ ಭುಜದ ಹಲಗೆ ಮತ್ತು ಪೃಷ್ಠ ನೆಲಕ್ಕೆ ತಾಗಿ, ನಡುವೆ ಸೊಂಟ ಸೇತುವೆಯ ಹಾಗೆ ತೂಗಾಡುತ್ತದೆ. ತೀರಾ ಮೆತ್ತಗಿನ ಹಾಸಿಗೆಯಲ್ಲಿ ಮೈಯ ಅತ್ಯಂತ ಭಾರದ ಭಾಗವಾದ ನಡು ಗುಳಿಯೊಳಗೆ ಇಳಿದು, ಇಡೀ ಬೆನ್ನು ಜೋಲಿಯ ಆಕಾರಕ್ಕೆ ಬರುತ್ತದೆ. ಮಗ್ಗುಲಾದರಂತೂ ಲೆಕ್ಕವೇ ಬೇರೆ. ಭುಜವೂ ಸೊಂಟದ ಮೂಳೆಯೂ ಒಳಗೆ ಇಳಿಯಬೇಕು, ಅವೆರಡರ ನಡುವಿನ ಹೊಂಡವನ್ನು ಹಾಸಿಗೆಯೇ ಎದ್ದು ಬಂದು ತುಂಬಬೇಕು. ಒಂದೇ ಹಾಸಿಗೆ ಒಂದೇ ಗಳಿಗೆಯಲ್ಲಿ ಒಂದು ಕಡೆ ಸೋಲಬೇಕು, ಒಂದು ಗೇಣು ಆಚೆ ಗೆಲ್ಲಬೇಕು!

ಆ ಬೆನ್ನುಮೂಳೆಯೊಳಗೆ ರಾತ್ರಿ ನಡೆಯುವುದನ್ನು ಓದಿದಾಗ ಪುಸ್ತಕ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತೆ. ಮೂಳೆ ಮೂಳೆಯ ನಡುವೆ ಮೆತ್ತೆಯಂಥ ಬಿಲ್ಲೆಗಳಿವೆ. ಹಗಲೆಲ್ಲ ನಮ್ಮ ಭಾರಕ್ಕೆ ಅವುಗಳಿಂದ ನೀರು ಹಿಂಡಿಹೋಗುತ್ತದೆ. ಮಲಗಿದೊಡನೆ ಭಾರ ಇಳಿದು, ಒಣಗಿದ ಸ್ಪಂಜಿನ ಹಾಗೆ ಅವು ಮತ್ತೆ ನೀರು ಹೀರಿಕೊಂಡು ಉಬ್ಬುತ್ತವೆ. ಅದಕ್ಕೇ ಬೆಳಿಗ್ಗೆ ಎದ್ದಾಗ ನಾವು ರಾತ್ರಿಗಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರವಾಗಿರುತ್ತೇವೆ! ದಿನವೂ ಬೆಳೆದು ದಿನವೂ ಕುಗ್ಗುವ ಈ ಮೈಗೆ ಹಾಸಿಗೆ ಬರೀ ಸುಖದ ವಸ್ತುವಾಗಿರಲು ಹೇಗೆ ಸಾಧ್ಯ? ಅದು ದುರಸ್ತಿಯ ಜಾಗ.

ಇದು ಮನುಷ್ಯನಿಗೆ ಎಂದಿನಿಂದ ಗೊತ್ತಿತ್ತು? ದಕ್ಷಿಣ ಆಫ್ರಿಕಾದ ಸಿಬುಡು ಎಂಬ ಕಲ್ಲಾಸರೆಯಲ್ಲಿ ಪುರಾತತ್ವಜ್ಞೆ ಲಿನ್ ವಾಡ್ಲಿ ಮತ್ತು ಸಂಗಡಿಗರು 77,000 ವರ್ಷ ಹಳೆಯ ಹಾಸಿಗೆಯನ್ನು ಅಗೆದು ತೆಗೆದರು. 2011ರಲ್ಲಿ ಆ ಸುದ್ದಿ ಜಗತ್ತಿಗೆ ತಿಳಿಯಿತು. ಜೊಂಡಿನ ದಪ್ಪ ಹಾಸು, ಅದರ ಮೇಲೆ ಒಂದು ಪದರ ಎಲೆ. ಸಿಕ್ಕಿದ ಮರದ ಎಲೆಯಲ್ಲ, ಕರ್ಪೂರ ಮತ್ತು ದಾಲ್ಚಿನ್ನಿಯ ಬಳಗಕ್ಕೆ ಸೇರಿದ, ಸೊಳ್ಳೆ ಕೀಟಗಳನ್ನು ದೂರವಿಡುವ ರಾಸಾಯನಿಕಗಳಿರುವ ಮರದ ಎಲೆ! 2020ರಲ್ಲಿ ಅದಕ್ಕಿಂತ ಹಳೆಯದೊಂದು ಸಿಕ್ಕ ವರದಿ ಬಂತು. ಬಾರ್ಡರ್ ಕೇವ್ ಎಂಬ ಗುಹೆಯಲ್ಲಿ ಸುಮಾರು 2,00,000 ವರ್ಷದ ಹಿಂದೆ ಬೂದಿ ಹರಡಿ ಅದರ ಮೇಲೆ ಹುಲ್ಲು ಹಾಸಿ ಮಲಗಿದ್ದರು. ಹರಿದಾಡುವ ಹುಳುಗಳಿಗೆ ಬೂದಿ ಆಗದು. ಹೆಸರುಕಾಳಿಗೆ ಬೂದಿ ಕಲಸಿ ಡಬ್ಬಿಗೆ ತುಂಬುತ್ತಿದ್ದ ಅಜ್ಜಿಯ ಕೈ ನೆನಪಾಗಿ ಮೈ ಜುಮ್ಮೆಂದಿತು. ಎರಡು ಲಕ್ಷ ವರ್ಷದ ಹಿಂದಿನ ಯಾರೋ ಒಬ್ಬಳು ತಾಯಿ, ಮಗುವನ್ನು ಮಲಗಿಸುವ ಮೊದಲು ಅದೇ ಬೂದಿಯನ್ನು ಅಂಗೈಯಲ್ಲಿ ಸವರಿ ಹರಡಿರಬಹುದಲ್ಲವೇ?

ಹುಲ್ಲಿನಿಂದ ಹತ್ತಿಗೆ ಬಂದರೆ ನಮ್ಮ ಸೀಮೆಯದೇ ಕತೆ. ಉತ್ತರ ಕರ್ನಾಟಕದ ಪಿಂಜಾರರು, ನದಾಫರು ತಲೆಮಾರುಗಳಿಂದ ಮಾಡಿಕೊಂಡು ಬಂದ ಹತ್ತಿ ಹಿಂಜುವ ಕೆಲಸವನ್ನು ನೋಡಿದವರಿಗೆ ಅದರ ನಾದ ಮರೆಯದು. ಆಳುದ್ದದ ಬಿಲ್ಲು, ಬಿಗಿದ ನರದ ಹುರಿ, ಮರದ ಕೊಡತಿಯ ಏಟು. ಟಂಯ್ ಟಂಯ್ ಎಂದು ಹುರಿ ಮಿಡಿದಂತೆಲ್ಲ ಗಂಟುಗಟ್ಟಿದ ಹತ್ತಿ ಹಾರಿ, ಬಿಡಿಸಿಕೊಂಡು, ನೊರೆಯಾಗಿ ಬೀಳುತ್ತದೆ. ಅವರು ಹತ್ತಿಗೆ ಬಡಿಯುತ್ತಿದ್ದದ್ದು ಗಾಳಿಯನ್ನು! ಚಪ್ಪಟೆಯಾದ ಗಾದಿಯೊಳಗಿಂದ ಕಳೆದುಹೋದದ್ದು ಹತ್ತಿಯಲ್ಲ, ಗಾಳಿ. ಬಿಲ್ಲಿನಿಂದ ಅದನ್ನು ಮರಳಿ ತುಂಬುತ್ತಿದ್ದರು. ಇನ್ನೂ ಒಂದು ಬೆರಗು ಕೇಳಿ. ಬಟ್ಟೆಗೆ ಒಳ್ಳೆಯದಾದ ನಯವಾದ ಉದ್ದ ಎಳೆಯ ಹತ್ತಿ ಹಾಸಿಗೆಗೆ ಅಷ್ಟು ಒಳ್ಳೆಯದಲ್ಲ, ಬೇಗ ಹೊಂದಿಕೊಂಡು ಒತ್ತಾಗಿಬಿಡುತ್ತದೆ. ಗಿಡ್ಡ, ಒರಟು ಎಳೆಯ ದೇಸಿ ಹತ್ತಿಯೇ ಪುಟಿಯುತ್ತದೆ. ಸೀರೆಗೆ ಬೇಡವಾದದ್ದು ನಿದ್ದೆಗೆ ಬೇಕು! ಬೂರುಗದ್ದು ಇನ್ನೊಂದು ತೆರ. ಅದರ ಎಳೆ ಎಷ್ಟು ನುಣುಪೆಂದರೆ ನೂಲಲು ಬಾರದು, ಒಳಗೆ ಪೂರಾ ಟೊಳ್ಳು, ಹೊರಗೆ ಮೇಣದ ಲೇಪ. ಬೂರುಗದ ಹತ್ತಿರದ ನೆಂಟ ಕಾಪಕ್ ಮರದ ಹತ್ತಿಯನ್ನು ಒಂದು ಕಾಲಕ್ಕೆ ಹಡಗಿನವರ ಜೀವರಕ್ಷಕ ಅಂಗಿಗಳಿಗೆ ತುಂಬುತ್ತಿದ್ದರು. ಕಡಲಲ್ಲಿ ಮನುಷ್ಯನನ್ನು ತೇಲಿಸುವ ವಸ್ತು ನಮ್ಮ ಹಿತ್ತಿಲಿನ ದಿಂಬಿನಲ್ಲಿತ್ತು.

ರಬ್ಬರಿನ ದಾರಿ ಇದಕ್ಕಿಂತ ದೂರದ್ದು. ಅಮೆಜಾನ್ ಕಾಡಿನ ಮರ. 1876ರಲ್ಲಿ ಹೆನ್ರಿ ವಿಕಮ್ ಎಂಬಾತ ಅದರ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಅಲ್ಲಿ ಮೊಳೆತ ಸಸಿಗಳು ಸಿಲೋನಿಗೆ ಬಂದವು. ಕ್ರಮೇಣ ಕೇರಳಕ್ಕೂ ನಮ್ಮ ಸುಳ್ಯ, ಪುತ್ತೂರು, ಬೆಳ್ತಂಗಡಿಗಳಿಗೂ ರಬ್ಬರ್ ಹಬ್ಬಿತು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ತರುವಾಯ ಲಂಕೆಯಿಂದ ಬಂದ ತಮಿಳು ಕುಟುಂಬಗಳು ಸುಳ್ಯದ ಸುತ್ತಿನ ತೋಟಗಳಲ್ಲಿ ನಸುಕಿಗೇ ಎದ್ದು ಮರಕ್ಕೆ ಗೀರು ಹಾಕಿ ಹಾಲು ಇಳಿಸಿದವು. ಬಿಸಿಲೇರುವ ಮೊದಲು ಹಾಲು ಚೆನ್ನಾಗಿ ಇಳಿಯುತ್ತದೆ. ನಮ್ಮೆಲ್ಲರ ಸುಖನಿದ್ದೆಗಾಗಿ ಅವರು ಬಿಟ್ಟುಕೊಟ್ಟ ಬೆಳಗಿನ ಜಾವಗಳನ್ನು ಲೆಕ್ಕವಿಟ್ಟವರು ಯಾರು? ಆ ಹಾಲು ಫೋಮಾದದ್ದು 1929ರಲ್ಲಿ, ಬರ್ಮಿಂಗ್‌ಹ್ಯಾಮಿನ ಡನ್‌ಲಪ್ ಪ್ರಯೋಗಾಲಯದಲ್ಲಿ. ಇ. ಎ. ಮರ್ಫಿ ಎಂಬ ವಿಜ್ಞಾನಿ ರಬ್ಬರ್ ಹಾಲನ್ನು ಅಡುಗೆಮನೆಯಲ್ಲಿ ಮೊಟ್ಟೆ ಕಡೆಯುವ ಹಾಗೆ ಕಡೆದು ನೊರೆಯೆಬ್ಬಿಸಿದ. ಆ ನೊರೆ ಇಳಿಯುವ ಮೊದಲೇ ಅಚ್ಚಿನಲ್ಲಿ ಹೆಪ್ಪುಗಟ್ಟಿಸಿ ಬೇಯಿಸಿದರೆ ಲೇಟೆಕ್ಸ್ ಫೋಮ್. ಒತ್ತಿ ಬಿಟ್ಟರೆ ಕೈಗಿಂತ ಮೊದಲು ಅದೇ ಮೇಲೆ ಬಂದಿರುತ್ತದೆ!

ಪಾಲಿಯುರಿಥೇನ್ ಫೋಮಿನದು ನಮ್ಮ ಇಡ್ಲಿಯ ವಿದ್ಯೆ ಎಂದರೆ ನಂಬುತ್ತೀರಾ? ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಓಟೋ ಬೇಯರ್ 1937ರಲ್ಲಿ ಕಂಡುಹಿಡಿದ ರಸಾಯನವಿದು. ದ್ರವಗಳನ್ನು ಬೆರೆಸುವಾಗ ಒಂದಷ್ಟು ನೀರು ಸೇರಿಸಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ, ಹುದುಗಿದ ಹಿಟ್ಟಿನ ಹಾಗೆ ಎಲ್ಲವೂ ಬುಸುಬುಸನೆ ಉಬ್ಬಿ, ಉಬ್ಬಿದ್ದು ಹಾಗೇ ಗಟ್ಟಿಯಾಗುತ್ತದೆ. ಇಡ್ಲಿಯಲ್ಲಿಯೂ ಗಾಳಿಯ ಗೂಡು, ಹಾಸಿಗೆಯಲ್ಲಿಯೂ ಗಾಳಿಯ ಗೂಡು.

ಮೆಮೊರಿ ಫೋಮ್ ಎಂಬ ಆ ಬೂದು ಚೌಕಕ್ಕೆ ನಾನು ಅಂಗೈ ಒತ್ತಿ ತೆಗೆದಾಗ ಐದೂ ಬೆರಳಿನ ಗುರುತು ಉಳಿದಿತ್ತು. ನೋಡನೋಡುತ್ತ, ಹಸಿಮಣ್ಣು ಉಸಿರೆಳೆದುಕೊಂಡ ಹಾಗೆ, ನಿಧಾನಕ್ಕೆ ಮೇಲೆದ್ದಿತು. 1966ರಲ್ಲಿ ಚಾರ್ಲ್ಸ್ ಯೋಸ್ಟ್ ನಾಸಾದ ಏಮ್ಸ್ ಕೇಂದ್ರಕ್ಕಾಗಿ ವಿಮಾನದ ಸೀಟಿಗೆಂದು, ಅಪಘಾತದ ಹೊಡೆತ ನುಂಗಲೆಂದು ಮಾಡಿದ್ದು ಇದು. ಅದಕ್ಕೆ ನೆನಪಿರುವುದು ಆಕಾರ, ತಿಳಿಯುವುದು ಬಿಸಿ. ಮೈಯ ಶಾಖಕ್ಕೆ ಮೆತ್ತಗಾಗುತ್ತದೆ, ತಣ್ಣಗಾದರೆ ಬಿರುಸು. ಮಡಿಕೇರಿಯ ಮಾಘದಲ್ಲಿ ಅದು ಒಂದು ಹಾಸಿಗೆ, ರಾಯಚೂರಿನ ವೈಶಾಖದಲ್ಲಿ ಇನ್ನೊಂದೇ ಹಾಸಿಗೆ! ಮೈಗೆ ಅಚ್ಚು ಹೊಯ್ದ ಹಾಗೆ ಅಪ್ಪುವುದರಿಂದ ಮಗ್ಗುಲಾಗಿ ಮಲಗುವವರ ಭುಜಕ್ಕೆ ಅದು ವರದಾನ. ಆದರೆ ಅಪ್ಪಿದ್ದು ಬಿಸಿಯನ್ನೂ ಬಿಡದು. ನಿದ್ದೆ ಹತ್ತಲು ಮೈಯ ಒಳಗಿನ ಕಾವು ಸ್ವಲ್ಪ ಇಳಿಯಬೇಕು. ಫ್ಯಾನಿನಡಿಯಲ್ಲಿಯೂ ಬೆವರುವ ಊರಿನವರು ಅದನ್ನು ಕೊಳ್ಳುವ ಮೊದಲು ಇದನ್ನು ನೆನೆಯಬೇಕು ಎಂದು ನನ್ನ ಅನಿಸಿಕೆ. ಮಂಗಳೂರು, ಕಾರವಾರದ ಸೆಕೆಗೆ ನಾರು, ಲೇಟೆಕ್ಸ್, ಇಲ್ಲವೇ ಸ್ಪ್ರಿಂಗ್ ವಾಸಿ. ಅವುಗಳೊಳಗೆ ಗಾಳಿ ಓಡಾಡುತ್ತದೆ.

ಸ್ಪ್ರಿಂಗಿನಲ್ಲಿ ಎರಡು ಬಗೆ. ಹಳೆಯದರಲ್ಲಿ ಸುರುಳಿಗಳನ್ನೆಲ್ಲ ಒಂದಕ್ಕೊಂದು ಕಟ್ಟಿರುತ್ತಾರೆ, ಒಬ್ಬರು ಹೊರಳಿದರೆ ಪಕ್ಕದವರಿಗೂ ದೋಣಿ ತೂಗುತ್ತದೆ. 1900ರ ಸುಮಾರಿಗೆ ಕೆನಡಾದಲ್ಲಿ ನೆಲೆಸಿದ್ದ ಜೇಮ್ಸ್ ಮಾರ್ಷಲ್ ಒಂದೊಂದು ಸುರುಳಿಗೂ ಒಂದೊಂದು ಬಟ್ಟೆಯ ಚೀಲ ಹೊಲಿದ. ಅಷ್ಟೇ! ಪ್ರತಿ ಸುರುಳಿಯೂ ತನ್ನ ಮೇಲಿನ ಭಾರಕ್ಕೆ ಮಾತ್ರ ಬಾಗಿತು. ಮಗು ಮಧ್ಯೆ ಮಲಗುವ ಮನೆಗೆ, ರಾತ್ರಿ ಪಾಳಿ ಮುಗಿಸಿ ಬಂದು ಮಲಗುವವರ ಮನೆಗೆ ಆ ಪಾಕೆಟ್ ಸ್ಪ್ರಿಂಗ್ ಎಷ್ಟು ದೊಡ್ಡ ಉಪಕಾರ!

ಹಾಗಾದರೆ ಅಮ್ಮನ ಸೊಂಟಕ್ಕೆ ಯಾವುದು? ನಮ್ಮಲ್ಲಿ ಸೊಂಟ ಹಿಡಿದುಕೊಂಡಿತು ಅಂದರೆ ಸಾಕು, ಹಲಗೆ ಮೇಲೆ ಮಲಗಿ ಎನ್ನುವವರೇ ಎಲ್ಲ. ನಾನೂ ಗಟ್ಟಿಯಾದದ್ದನ್ನೇ ಕೊಡಿಸಲು ಹೊರಟಿದ್ದೆ. ಅಷ್ಟರಲ್ಲಿ 2003ರ ಲ್ಯಾನ್ಸೆಟ್ ವೈದ್ಯಪತ್ರಿಕೆಯ ಒಂದು ವರದಿ ಕಣ್ಣಿಗೆ ಬಿತ್ತು. ಸ್ಪೇನಿನಲ್ಲಿ ಫ್ರಾನ್ಸಿಸ್ಕೋ ಕೊವಾಕ್ಸ್ ಮತ್ತು ತಂಡ ಬಹುಕಾಲದ ಸೊಂಟನೋವಿದ್ದ 313 ಮಂದಿಯನ್ನು ಆರಿಸಿತು. ಅರ್ಧದಷ್ಟು ಜನಕ್ಕೆ ಗಟ್ಟಿ ಹಾಸಿಗೆ, ಇನ್ನರ್ಧಕ್ಕೆ ನಡುತರದ ಗಟ್ಟಿ. ಯಾರಿಗೆ ಯಾವುದು ಬಂದಿದೆಯೆಂದು ಅವರಿಗೇ ಹೇಳಲಿಲ್ಲ. 90 ದಿನದ ನಂತರ ನೋಡಿದರೆ ಎರಡೂ ಗುಂಪಿನ ಹಲವರಿಗೆ ನೋವು ಇಳಿದಿತ್ತು, ಆದರೆ ನಡುತರದ ಹಾಸಿಗೆಯವರಿಗೆ ಹೆಚ್ಚು ಇಳಿದಿತ್ತು! ಮಲಗಿದಾಗಿನ ನೋವೂ ಕಡಿಮೆ, ದಿನದ ಕೆಲಸಕ್ಕೆ ಅಡ್ಡಿಯೂ ಕಡಿಮೆ. ಹಲಗೆಯ ಪಾಠವನ್ನು ಅಂದೇ ಬಿಟ್ಟೆ.

ಮರುದಿನ ಅಮ್ಮನನ್ನು ಮತ್ತೆ ಅಂಗಡಿಗೆ ಕರೆದೊಯ್ದೆ. ಈ ಸಲ ಕೈಯಲ್ಲಿ ಒತ್ತಿ ನೋಡಲಿಲ್ಲ. ಅಂಗೈಗೆ ಹಿತವಾದದ್ದು ಬೆನ್ನಿಗೆ ಹಿತವಾಗಬೇಕೆಂದೇನಿಲ್ಲ. ಮನೆಯಿಂದ ಅವಳ ದಿಂಬನ್ನೇ ಒಯ್ದಿದ್ದೆವು. ಚಪ್ಪಲಿ ಕಳಚಿ, ಸೆರಗು ಸರಿಮಾಡಿಕೊಂಡು, ಸಂಕೋಚದಿಂದಲೇ ಮಲಗಿದಳು. “ಹತ್ತು ನಿಮಿಷ ಮಲಗೇ ಇರಿ ಅಮ್ಮ, ನಮ್ಗೇನೂ ಅವಸರ ಇಲ್ಲ” ಎಂದು ಹುಡುಗ ಫ್ಯಾನ್ ಹಾಕಿದ. ಅಂಗಾತ ಒಮ್ಮೆ, ದಿನವೂ ಮಲಗುವ ಎಡಮಗ್ಗುಲಿಗೆ ಒಮ್ಮೆ. ನಾನು ಸೊಂಟದಡಿ ಕೈ ತೂರಿಸಿ ನೋಡಿದೆ. ಕೈ ಸಲೀಸಾಗಿ ಆಚೆ ಬಂದರೆ ಹಾಸಿಗೆ ಅವಳಿಗೆ ಬಿರುಸು, ಕೈ ಹೋಗುವುದೇ ಇಲ್ಲವೆಂದರೆ ತೀರಾ ಮೆದು. ಮಗ್ಗುಲಾದಾಗ ಹಿಂದೆ ನಿಂತು ಕತ್ತಿನಿಂದ ಸೊಂಟದವರೆಗೆ ಬೆನ್ನು ಒಂದೇ ಗೆರೆಯಲ್ಲಿದೆಯೇ ಎಂದು ನೋಡಿದೆ. ಗಟ್ಟಿ, ಮೆತ್ತಗೆ ಎನ್ನುವುದು ಹಾಸಿಗೆಯ ಗುಣವಲ್ಲವೆಂದು ಗೊತ್ತಾದದ್ದೇ ಅಲ್ಲಿ! 45 ಕಿಲೋದ ಅಮ್ಮನಿಗೆ ಹಲಗೆಯೆನಿಸಿದ ಹಾಸಿಗೆ 80 ಕಿಲೋದ ನನಗೆ ಹಿತವಾಗಿತ್ತು. ಅದೇ ಗಾಳಿಗೂಡು, ಬೇರೆ ಬೇರೆ ಭಾರ. ಲೇಬಲ್ಲಿನ ಮೇಲೆ ‘ಆರ್ಥೋ’ ಎಂದು ಬರೆದಿದೆಯೇ ಎಂದು ನೋಡುವ ಬದಲು ಒಳಗೆ ಯಾವ ಪದರ ಎಷ್ಟು ಇಂಚು, ಯಾವ ಡೆನ್ಸಿಟಿ ಎಂದು ಕೇಳಿದೆ. ಹುಡುಗ ಖುಷಿಯಿಂದ ಜಿಪ್ ಬಿಚ್ಚಿಯೇ ತೋರಿಸಿದ.

ಕೊನೆಗೆ ಅವಳು ಬೆರಳು ಮಾಡಿದ್ದು ನಾಲ್ಕು ಇಂಚಿನ ನಾರಿನ ಹಾಸಿಗೆಯ ಕಡೆಗೆ. “ಅಮ್ಮ, ಇದು ನಿಂಗೆ ಬಿರುಸಾಗುತ್ತೆ, ಕೈ ಆಚೆಗೇ ಬಂತಲ್ಲ” ಅಂದೆ. “ನೀನು ತಗೋ, ಆಮೇಲೆ ನೋಡು” ಅಂದಳು.

ಭಾನುವಾರ ಅಟ್ಟದಿಂದ ತನ್ನ ಹಳೆಯ ಹತ್ತಿ ಹಾಸಿಗೆ ಇಳಿಸಲು ಹೇಳಿದಳು. ಚಪ್ಪಟೆಯಾಗಿ, ಗಂಟುಗಂಟಾಗಿ, ಸುತ್ತಿಟ್ಟಲ್ಲೇ ಮುದುಡಿತ್ತು. ತಾರಸಿಯಲ್ಲಿ ಹರಡುವ ಮೊದಲು ನಾನು ಬೆರಳಿಟ್ಟು ಅಳೆದೆ, ಎರಡು ಬೆರಳು ದಪ್ಪ. ಬೆಳಗಿನ ಒಂಬತ್ತರಿಂದ ಬಿಸಿಲು. ಫೋಮನ್ನೋ ಲೇಟೆಕ್ಸನ್ನೋ ಹೀಗೆ ಬಿಸಿಲಿಗೆ ಹಾಕಿದರೆ ಹಾಳಾಗುತ್ತದೆ, ಹತ್ತಿಗೆ ಮಾತ್ರ ಅದು ಅಮೃತ. ರಾತ್ರಿಗಳ ಬೆವರನ್ನೆಲ್ಲ ಕುಡಿದ ಎಳೆಗಳು ಒಣಗಿ ಬಿರಿಯುತ್ತವೆ. ಕಣ್ಣಿಗೆ ಕಾಣದ ಡಸ್ಟ್ ಮೈಟ್ ಎಂಬ ಹುಳು ಗಾಳಿಯ ತೇವವನ್ನೇ ಹೀರಿ ಬದುಕುವಂಥದ್ದು, ಒಣ ಹಾಸಿಗೆಯಲ್ಲಿ ಅದಕ್ಕೆ ಬಾಳಿಲ್ಲ. ಅಮ್ಮ ಕೋಲು ಹಿಡಿದು ಬಡಿದಳು. ಒಂದೊಂದು ಏಟಿಗೂ ಧೂಳು ಬಂಗಾರದ ಹಾಗೆ ಬಿಸಿಲಲ್ಲಿ ಎದ್ದು, ತೇಲಿ, ಪಕ್ಕದ ಮನೆಯ ನೀರಿನ ಟ್ಯಾಂಕಿನ ಕಡೆಗೆ ಹೋಯಿತು. ಮಧ್ಯಾಹ್ನ ಮಗುಚಿ ಹಾಕಿದೆವು. ಸಂಜೆ ನಾಲ್ಕಕ್ಕೆ ನಾನು ಮತ್ತೆ ಬೆರಳಿಟ್ಟೆ. ನಾಲ್ಕು ಬೆರಳು! ಕಣ್ಣೆದುರಿಗೇ ಗಾಳಿ ಮರಳಿ ಮನೆ ಸೇರಿತ್ತು.

ಆ ಬೆಚ್ಚನೆಯ ಹತ್ತಿಯನ್ನು ನಾವಿಬ್ಬರೂ ಎರಡು ತುದಿ ಹಿಡಿದು ಒಳಗೆ ತಂದು, ನಾರಿನ ಹೊಸ ಹಾಸಿಗೆಯ ಮೇಲೆ ಹಾಸಿದೆವು. ಕೆಳಗೆ ಬಿರುಸಿನ ನಾರು, ಮೇಲೆ ಮೆದುವಾದ ಹತ್ತಿ. 313 ಜನರ ವರದಿ ಹೇಳಿದ ನಡುತರವನ್ನು ಅವಳು ಅಂಗಡಿಯಲ್ಲೇ ಮನಸ್ಸಿನಲ್ಲಿ ಹೊಲಿದುಕೊಂಡಿದ್ದಳು! ದುಪ್ಪಟಿ ಹಾಸಿ, ಅಂಗಾತ ಮಲಗಿ, “ಈಗ ಹಾಕು ಕೈ” ಅಂದಳು. ಅಂಗೈ ಸೊಂಟದವರೆಗೆ ಹೋಯಿತು, ಅಲ್ಲಿ ಹತ್ತಿ ಎದ್ದು ಬಂದು ಬೆರಳುಗಳನ್ನು ಮೆಲ್ಲಗೆ ತಡೆಯಿತು. ಹತ್ತಿಯಲ್ಲಿ ಇನ್ನೂ ಬಿಸಿಲಿತ್ತು.